ಬಟ್ಟೆ ತಣಿಯುವವರೆಗೆ

ಮಾರ್ಚ್ 3, ಮಂಗಳವಾರ

ಇದನ್ನು ಇಲ್ಲಿಯೂ ಬರೆಯಬಾರದು ಅಂದುಕೊಂಡಿದ್ದೆ. ಅಪ್ಪ ಹೇಳಿದ ಆ ಸಾಲು ಟೈಪ್ ಮಾಡುವಾಗ ಕಣ್ತಪ್ಪಿ ಹೋದದ್ದಲ್ಲ. ನಾನೇ ಅಳಿಸಿದೆ. ಅಳಿಸಿ, ಎದ್ದು ಹೋಗಿ ಕಾಫಿ ಮಾಡಿಕೊಂಡು ಕುಡಿದೆ.

ಬಟ್ಟೆಗೆ ಬಣ್ಣ ಹಾಕುವ ನಮ್ಮ ಕಾರ್ಖಾನೆಯಲ್ಲಿ ಐವತ್ತು ವರ್ಷ ಬಣ್ಣ ಹೊಂದಿಸಿದವರು ಅಪ್ಪ. ಹೋದ ವರ್ಷ ಅಣ್ಣ ನಾಲ್ಕು ತಿಂಗಳು ಅವರ ಮುಂದೆ ಫೋನ್ ಇಟ್ಟು ಮಾತೆಲ್ಲ ರೆಕಾರ್ಡ್ ಮಾಡಿಕೊಂಡ. ಅದನ್ನು ಆ್ಯಪ್‌ಗೆ ತುಂಬಬೇಕು. ಯಾರು ಏನು ಕೇಳಿದರೂ ಅಪ್ಪನ ದನಿಯಲ್ಲೇ ಉತ್ತರ ಬರಬೇಕು. ಟೈಪಿಂಗ್ ಕೆಲಸವನ್ನು ಅಣ್ಣ ನನಗೆ ಒಪ್ಪಿಸಿದ.

"ಇಂಗ್ಲಿಷ್ ಮೀಡಿಯಂ ನೀನು, ಚಕಚಕ ಅಂತ ಮುಗಿಸ್ತೀಯ. ತೂಕ, ಡಿಗ್ರಿ, ನಿಮಿಷ ಇರಲಿ, ನಂಬರ್ ಇಲ್ಲದ್ದನ್ನೆಲ್ಲ ತೆಗೆದುಹಾಕು. ಅಪ್ಪನ ಪುರಾಣ ಯಾರಿಗೆ ಬೇಕು?"

ತೆಗೆದುಹಾಕಿದೆ. ಅದರಲ್ಲಿ ಇದೂ ಇತ್ತು: "ಡ್ರೈಯರ್‌ನಿಂದ ತೆಗೆದ ತುಂಡನ್ನ ಕೂಡಲೇ ನೋಡಬೇಡ. ಬಿಸಿ ಬಟ್ಟೆ ಸುಳ್ಳು ಹೇಳುತ್ತೆ. ತಣ್ಣಗಾಗಲಿ, ಆಮೇಲೆ ಬಣ್ಣ ನೋಡು."

ನಂಬರ್ ಇಲ್ಲ. ಆದರೆ ಅದಿಲ್ಲದೆ ಉಳಿದ ನಂಬರ್‌ಗಳೆಲ್ಲ ದಂಡ ಅಂತ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಸ್ಟೂಲ್ ಮೇಲೆ ಕೂತು, ತುಂಡು ತಣಿಯುವುದನ್ನು ಕಾದವಳು.

ಆ ವಾರವೇ ಅಣ್ಣ ಎಲ್ಲರೆದುರು ಹೇಳಿದ್ದ — "ಅಪ್ಪಾ, ನಿಮ್ಮ ತಲೆ ಪೂರ್ತಿ ಖಾಲಿ ಮಾಡ್ಕೊಂಡಾಯ್ತು. ಇನ್ನು ನೀವು ಬರೋದು ಬೇಡ." ಕೆಲಸದವರು ನಕ್ಕರು. ಅಪ್ಪನೂ ನಕ್ಕರು. ಆ ನಗುವನ್ನು ನಾನು ಕ್ಷಮಿಸುವುದಿಲ್ಲ.

ಮಾರ್ಚ್ 5, ಗುರುವಾರ

ಅಪ್ಪ ಇರುವುದು ನನ್ನ ಜೊತೆ. ಇವತ್ತು ಅಣ್ಣನ ಮಗಳು ಚೂಟಿ ಬಂದಿದ್ದಳು. ಇಪ್ಪತ್ತೆರಡು ವರ್ಷ. ಈಗ ಕಾರ್ಖಾನೆಯ ಬಣ್ಣದ ಕೋಣೆ ಅವಳದೇ. ಆ್ಯಪ್ ತೆರೆದು ಫೋನನ್ನು ಅಪ್ಪನ ಮುಂದೆ ಹಿಡಿದಳು.

"ತಾತಾ, ನಿಮ್ಮನ್ನ ನೀವೇ ಏನಾದ್ರೂ ಕೇಳಿ!"

ಅಪ್ಪ ಫೋನಿಗೆ ಬಗ್ಗಿ ಕಡುನೀಲಿ ಹೇಗೆ ತರಬೇಕೆಂದು ಕೇಳಿದರು. ಪ್ರಶ್ನೆ ಮುಗಿಯುವ ಮುಂಚೆ ಅಪ್ಪನ ದನಿ ಉತ್ತರ ಕೊಟ್ಟಿತು.

"ಪರವಾಗಿಲ್ವೇ, ನನಗಿಂತ ಚುರುಕು ಇವನು. ಆದ್ರೆ ಯಾವ ಬಟ್ಟೆಗೆ ಅಂತ ಕೇಳಲೇ ಇಲ್ಲ?"

"ಟೈಮ್ ವೇಸ್ಟ್, ತಾತ."

ಹುಡುಗಿ ಕೆಟ್ಟವಳಲ್ಲ. ಕಾಯುವ ಅಗತ್ಯವೇ ಬಂದಿಲ್ಲ ಅವಳಿಗೆ. ನಾನೇನು ಕಡಿಮೆ? ಹತ್ತು ಸಲ ಹೋದ ಮನೆಗೂ ಫೋನ್ ದಾರಿ ತೋರಿಸಬೇಕು. ಅವಳಿಗೆ ಹೇಳಿಬಿಡೋಣ ಅನ್ನಿಸಿತು, ತಣ್ಣಗಾದ ಮೇಲೆ ನೋಡು ಅಂತ. ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ.

ಮಾರ್ಚ್ 16, ಸೋಮವಾರ

ಆಯಿತು. ನಾಟಕಶಾಲೆಯ ಪರದೆ, ಕುರ್ಚಿಗಳಿಗೆಂದು ಹೋದ ಅರವತ್ತು ಥಾನು ಕಡುಗೆಂಪು ಬಟ್ಟೆ ಪೂರ್ತಿ ವಾಪಸ್. ಬಿಸಿಯಲ್ಲಿ ಸರಿಯಾಗಿ ಕಂಡ ಕೆಂಪು, ತಣಿದ ಮೇಲೆ ಬೇರೆಯೇ ಕೆಂಪು. ಅಣ್ಣ ಫೋನಿನಲ್ಲಿ ಕಿರುಚಾಡಿದ. "ಅಯ್ಯೋ, ಹೌದಾ?" ಅಂದೆ. ಒಳಗೆ ಹಾಲು ಕುಡಿದಷ್ಟು ಸಂತೋಷ. ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡೆ.

ಮಾರ್ಚ್ 17, ಮಂಗಳವಾರ

ಅಣ್ಣ, ಚೂಟಿ ಇಬ್ಬರೂ ಬಂದರು. ಅತ್ತು ಅವಳ ಮುಖ ಊದಿತ್ತು. ಅವರು ತಂದಿದ್ದ ಕೆಂಪು ಬಟ್ಟೆಯ ತುಂಡನ್ನು ಅಪ್ಪ ಬೆರಳಲ್ಲಿ ಸವರಿ ನೋಡಿದರು.

"ಬಿಸಿ ಇದ್ದಾಗಲೇ ನೋಡಿದೆಯೇನು ಮಗು? ತಣಿಸಬೇಕಲ್ವಾ?"

"ಫೋನಲ್ಲಿ ನೀವು ಹಾಗೆ ಹೇಳೇ ಇಲ್ಲ ತಾತ."

ಎದುರಿಗೆ ಕೂತ ತಾತನಿಗೆ ಹಾಗೆಂದಳು.

ಅಣ್ಣ ಉಸಿರು ಬಿಟ್ಟ. "ನೋಡಿದ್ಯಾ? ಆ್ಯಪ್ ತಪ್ಪಲ್ಲ. ಹೇಳೋದನ್ನ ಅಪ್ಪನೇ ಮರ್ತಿದಾರೆ. ವಯಸ್ಸಾಯ್ತು, ಏನ್ಮಾಡೋದು."

ಅಪ್ಪ ನನ್ನ ಕಡೆ ತಿರುಗಿದರು. "ಹೇಳಿರಲಿಲ್ವೇನಮ್ಮಾ ನಾನು? ಟೈಪ್ ಮಾಡಿದವಳು ನೀನು..."

"ನೆನಪಿಲ್ಲ ಅಪ್ಪ" ಅಂದೆ.

ಮಾರ್ಚ್ 22, ಭಾನುವಾರ

ನಾಲ್ಕು ದಿನ ಬರೆಯಲಾಗಲಿಲ್ಲ.

ಅಪ್ಪ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತಿದ್ದಾರೆ. ನಲ್ಲಿ ನಿಲ್ಲಿಸಿದ್ದೇನೆಯೇ ಎಂದು ಮೂರು ಮೂರು ಸಲ ಎದ್ದು ಹೋಗುತ್ತಾರೆ. ಬೆಳಿಗ್ಗೆ ಅಂಗಿ ಎತ್ತಿ ಹಿಡಿದು, "ಇದು ಬೂದು ಬಣ್ಣವೋ ಹಸಿರೋ, ಸ್ವಲ್ಪ ನೋಡಮ್ಮ" ಅಂದರು. ನನ್ನನ್ನು ಕೇಳಿದರು. ಬಣ್ಣವನ್ನು.

ರೆಕಾರ್ಡಿಂಗ್ ನನ್ನ ಹತ್ತಿರವೇ ಇದೆ. ಇವತ್ತು ಕೇಳಿದೆ. ನಲವತ್ತು ಸೆಕೆಂಡು. ಅಪ್ಪ ಸ್ಪಷ್ಟವಾಗಿ ಹೇಳಿದ್ದಾರೆ, ಎರಡೆರಡು ಸಲ. ಹಿಂದೆಯೇ ಅಣ್ಣನ ದನಿ: "ಸಾಕಪ್ಪಾ ಪುರಾಣ, ಮುಂದಿನ ನಂಬರ್ ಹೇಳಿ."

ಗುರುವಾರ ಅವನು ಬೇರೆ ಕಾರ್ಖಾನೆಯವರನ್ನೆಲ್ಲ ಕರೆದು ಆ್ಯಪ್ ತೋರಿಸುತ್ತಾನಂತೆ. ಅವರೆಲ್ಲ ಇರುವ ಗ್ರೂಪಿಗೆ ನನ್ನನ್ನೂ ಸೇರಿಸಿದ್ದಾನೆ. ಈ ರೆಕಾರ್ಡಿಂಗನ್ನು ಅಲ್ಲೇ ಹಾಕುತ್ತೇನೆ. ಕೆಳಗೆ ಎರಡು ಸಾಲು: ಅಪ್ಪ ಮರೆತಿಲ್ಲ. ಅಣ್ಣನ ಮೇಲಿನ ಸಿಟ್ಟಿಗೆ ಅಳಿಸಿದವಳು ನಾನು.

ಎರಡನೆಯ ಸಾಲು ಬೇಕೇ? ಬೇಕು. ಇಲ್ಲದಿದ್ದರೆ ನಾನೂ ಅವನಂತೆಯೇ ಅಪ್ಪನ ಮರೆವಿನ ಹಿಂದೆ ಅಡಗಿದವಳಾಗುತ್ತೇನೆ. ಮೂರು ದಿನ ಯೋಚಿಸಿ ಇಷ್ಟಕ್ಕೆ ಬಂದಿದ್ದೇನೆ.

ಅಪ್ಪನಿಗೆ ಈಗಲೇ ಹೇಳಬಹುದು. ಪಕ್ಕದ ಕೋಣೆಯಲ್ಲೇ ಇದ್ದಾರೆ. ಹೇಳಿದರೆ "ಹೋಗಲಿ ಬಿಡಮ್ಮ, ನಿಮ್ಮಣ್ಣ ತಾನೇ" ಅನ್ನುತ್ತಾರೆ. ಹಾಕಲು ಬಿಡುವುದಿಲ್ಲ. ಅದಕ್ಕೇ ಹೇಳುತ್ತಿಲ್ಲ. ಇನ್ನೂ ನಾಲ್ಕು ದಿನ ಅವರು ಹೀಗೇ ಎದ್ದೆದ್ದು ಹೋಗಿ ನಲ್ಲಿ ನೋಡುತ್ತಾರೆ. ಗೊತ್ತಿದೆ. ಗೊತ್ತಿದ್ದೂ...

ಗುರುವಾರ, ಮಾರ್ಚ್ 26, ಬೆಳಿಗ್ಗೆ ಹನ್ನೊಂದು. ಅವನು ಮೈಕ್ ಹಿಡಿಯುವ ಹೊತ್ತಿಗೆ ಸರಿಯಾಗಿ ಗ್ರೂಪಿಗೆ ಕಳಿಸುತ್ತೇನೆ.