ಬಚ್ಚಲಿನ ಮಾರುತ್ತರ

ವಾರ್ಜಾಜಾತ್,
ಮಾರ್ಚ್ 9

ಮುದ್ದಿನ ಮಗಳು ತೂದಾಳಿಗೆ,

ಆರೋಗ್ಯ ಹೇಗಿದೆ? ಕಾಲಿನ ಬಾವು ಇಳಿಯಿತೇ? ಅಳಿಯ ಅದ್ದಿಯನ್ನು ಅಡುಗೆಮನೆಗೆ ಬಿಡಬೇಡ; ಬಸುರಿಗೆ ಧೈರ್ಯ ಬೇಕು, ಸಾಹಸ ಬೇಡ. ಹೆರಿಗೆಗೆ ಇಲ್ಲಿಗೇ ಬರುತ್ತೇನೆಂದು ಬರೆದಿದ್ದೀಯೆ. ನಿನ್ನ ಅಮ್ಮ ಆಗಲೇ ಕುರಿಯುಣ್ಣೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ. ಅದನ್ನು ನಾನೇ ಮಡಚಿ ಒಳಗಿಟ್ಟೆ. ಯಾಕೆಂದು ಹೇಳುತ್ತೇನೆ.

ಸಿನಿಮಾದವರು ಊರು ಬಿಟ್ಟರು. ಈ ಸಲವೂ ನಾನು ಯುದ್ಧದಲ್ಲಿ ಸತ್ತೆ. ಅನುಭವಸ್ಥನಾದ್ದರಿಂದ ಸೊಗಸಾಗಿಯೇ ಸತ್ತೆನಂತೆ. ಆದರೆ ಈ ಚಿತ್ರದಲ್ಲಿ ಬರೀ ಸತ್ತರೆ ಸಾಲದು, ಭಾಷೆಯನ್ನೂ ಕಲಿಯಬೇಕಿತ್ತು. ನಮ್ಮದೆಲ್ಲ ನೆಲದಡಿ ವಾಸಿಸುವ ಜನರ ವೇಷ. ಅವರಿಗೆಂದೇ ಒಬ್ಬ ಮೇಷ್ಟ್ರಿಂದ ಹೊಸದಾಗಿ ಭಾಷೆ ಕಟ್ಟಿಸಿದ್ದರು. ಜೊತೆಗೆ ವೇಷ ಹಾಕಿದ್ದ ಪಕ್ಕದ ಮನೆಯ ಇಜ್ಜಾ, "ಅಲ್ಲ ಮೇಷ್ಟ್ರೇ, ಇದನ್ನಾಡೋರೇ ಲೋಕದಲ್ಲಿಲ್ಲ ಅಂದ್ಮೇಲೆ ತಪ್ಪು ಹಿಡಿಯೋರು ಯಾರು?" ಎಂದು ಕೇಳಿ ಅವರ ಮುಖ ಕೆಂಪಾಗಿಸಿದಳು.

ಬಚ್ಚಲಿಗೆ ಬಿಸಿನೀರು ಸುರಿಯುವ ಮುನ್ನ ದೇವರ ಹೆಸರು ಹೇಳಿ ಕೆಳಗಿರುವ, ಕಣ್ಣಿಗೆ ಕಾಣದ ಜಿನ್ನುಗಳನ್ನು ಪಕ್ಕಕ್ಕೆ ಸರಿಯಲು ಎಚ್ಚರಿಸುವುದು ನೀನೂ ಪಾಲಿಸುವ ಪದ್ಧತಿ. ನಿನ್ನ ಅಮ್ಮನಿಗೆ ಏನು ಮೋಜು ಹತ್ತಿತೋ! ಸಿನಿಮಾದ ಒಂದೇ ಒಂದು ಮಾತನ್ನು ನನ್ನಿಂದ ಕಲಿತಳು: 'ಕೆಳಗಿನವರೇ, ದಾರಿ ಬಿಡಿ.' ದೇವರ ಹೆಸರು ಬಿಟ್ಟು ಅದನ್ನೇ ಹೇಳಿ ಕುದಿನೀರು ಸುರಿದಳು. "ಅವ್ರಿಗೂ ದಿನಾ ಅದೇ ಮಾತು ಕೇಳಿ ಬೇಜಾರಾಗಿರತ್ತೆ ಕಣ್ರೀ, ಹೊಸದು ಕೇಳ್ಲಿ ಬಿಡಿ!"

ಬಚ್ಚಲು ಉತ್ತರ ಕೊಟ್ಟಿತು. ಮಟಮಟ ಮಧ್ಯಾಹ್ನ, ಅದೇ ಭಾಷೆಯಲ್ಲಿ. ನಾವು ಬಾಯಿಪಾಠ ಮಾಡಿದ್ದರಲ್ಲಿ ಇಲ್ಲದ ಮಾತು. ಉಚ್ಚಾರ ಮಾತ್ರ ನಮ್ಮೆಲ್ಲರಿಗಿಂತ ಶುದ್ಧ. ಇಜ್ಜಾ ಕೇಳಿಸಿಕೊಂಡು ಚಪ್ಪಲಿ ಇಲ್ಲೇ ಬಿಟ್ಟು ಓಡಿದಳು. ಮಸೀದಿಯ ಗುರು ಫಕೀಹರು ಬಂದು ದೇವರ ವಾಕ್ಯ ಓದಿದರು, ಮತ್ತೆ ಓದಿದರು. ಕೊನೆಗೆ "ಬಾಸ್ಸೂ, ನಮ್ಮ ಮಾತು ಇದಕ್ಕೆ ತಿಳೀತಿಲ್ಲ. ನಿನ್ನ ಮೇಷ್ಟ್ರನ್ನೇ ಕೇಳಪ್ಪ" ಎಂದು ಚಹಾ ಕುಡಿದು ಹೊರಟರು. ಮೇಷ್ಟ್ರಿಗೆ ಫೋನ್ ಮಾಡಿ, ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿದೆ. ಅವರು ಮತ್ತೊಮ್ಮೆ ಹೇಳಿಸಿ ಬರೆದುಕೊಂಡರು. ಆಮೇಲೆ, "ಆ ಪದಗಳನ್ನ ನಾನಿನ್ನೂ ಮಾಡಿಲ್ಲ" ಎಂದರು.

ನೀನು ಗಾಬರಿಯಾಗಬೇಡ. ಅಮ್ಮ ಗೆಲುವಾಗಿದ್ದಾಳೆ. ಈಗೀಗ ತರಕಾರಿ ಹೆಚ್ಚುವುದೂ ಬಚ್ಚಲ ಬಳಿಯೇ.

ಮಗು ಯಾರನ್ನು ಬೇಕಾದರೂ ಹೋಲಲಿ, ಅದ್ದಿಯ ಮೂಗೊಂದನ್ನು ಬಿಟ್ಟು. ದೇವರು ನಿಮ್ಮನ್ನು ಕಾಯಲಿ.

ನಿನ್ನ ಅಪ್ಪ,
ಬಾಸ್ಸೂ

ಮರೆತೆ: ಹೆರಿಗೆಗೆ ಇಲ್ಲಿಗೆ ಬರಬೇಡ. ಅಮ್ಮನನ್ನು ಅಲ್ಲಿಗೆ ಕರೆತರೋಣವೆಂದರೆ ಅವಳು ಬಚ್ಚಲು ಬಿಟ್ಟು ಏಳುತ್ತಿಲ್ಲ. ಒಂದೇ ಮಾತು ಕಲಿತಿದ್ದವಳು ಈಗ ಸರಾಗವಾಗಿ ಹರಟುತ್ತಾಳೆ. ಇಂದು ಬೆಳಿಗ್ಗೆ ಅವಳ ಮಾತಿನಲ್ಲಿ ನನಗೆ ತಿಳಿದದ್ದು ನಿನ್ನ ಹೆಸರೊಂದೇ. ಕೆಳಗಿನಿಂದ ಯಾರೋ ಆ ಹೆಸರನ್ನು ನಿಧಾನವಾಗಿ ಹೇಳಿ ನೋಡಿದರು. ಆಮೇಲೆ ಜೋಗುಳ ಹಾಡಿದರು, ಬಹಳ ಜನ ಸೇರಿ.