ಮೂವತ್ತನೆಯವಳು

ಶಿವಮೊಗ್ಗ
೧೪ ಮಾರ್ಚ್ ೧೯೯೯

ನನ್ನ ಮುದ್ದು ದಾಕ್ಷಾಯಣಿ,

ಕಬ್ಬಿಣದೂರು ಭದ್ರಾವತಿಯ ಸೊಸೆಗೆ, ಕಬ್ಬಿಣದ ಕಡಲೆಯಂಥ ಸಂಶೋಧನೆ ಜಗಿಯುತ್ತ ಕೂತ ಜಯಶೀಲಾಳ ನೆನಪುಗಳು. ನೋಡು, ಹಾಳು ಚಟ. ನಿನ್ನ ಮಗು ಹೋಗಿ ಮೂರು ತಿಂಗಳಾಯಿತು, ನನ್ನ ಪೆನ್ನಿಗೆ ಇನ್ನೂ ಬುದ್ಧಿ ಬಂದಿಲ್ಲ.

ನಿನ್ನ ಇನ್‌ಲ್ಯಾಂಡ್ ಬಂತು. ಬಸುರಿ ಹೆಂಗಸು ಶಿವಮೊಗ್ಗಕ್ಕೆ ಹೋಗಿ ರಕ್ತ ಕೊಟ್ಟು ಬಂದಿದ್ದಕ್ಕೇ ಮಗು ಹೋಯ್ತು ಎಂದು ನಿಮ್ಮತ್ತೆ ಓಲ್ಡ್ ಟೌನಿನ ಮನೆಮನೆಗೂ ಹೇಳುತ್ತಿದ್ದಾರಂತೆ. ಅಲ್ಲ ಅಂತ ಬರೆದು ಕಳಿಸು, ಗಟ್ಟಿಯಾಗಿ ಓದಿ ಹೇಳ್ತೀನಿ ಎಂದಿದ್ದೀಯ.

ಓದಿ ಹೇಳು. ಅಮ್ಮಾ, ನಾನು ತೆಗೆದುಕೊಂಡದ್ದು ಒಂದು ಟೀ ಚಮಚದಷ್ಟು ರಕ್ತ. ಮೂವತ್ತು ಜನ ಆರೋಗ್ಯವಂತ ಬಸುರಿಯರು, ಮೂವತ್ತು ಜನ ಬಿಪಿ ಏರಿದ ಬಸುರಿಯರು, ಇವರ ರಕ್ತದಲ್ಲಿ ಸತು, ತಾಮ್ರ, ಮೆಗ್ನೀಸಿಯಂ ಎಷ್ಟೆಷ್ಟಿದೆ ಎಂದು ಹೋಲಿಸುವುದು ನನ್ನ ಪಿಎಚ್.ಡಿ. ಅಷ್ಟು ರಕ್ತ ಕೊಟ್ಟರೆ ಮಗುವಿಗೆ ಏನೂ ಆಗುವುದಿಲ್ಲ. ನಿಮ್ಮ ಸೊಸೆಯದು ಏನೇನೂ ತಪ್ಪಿಲ್ಲ.

ಇಲ್ಲಿಗೆ ನಿಲ್ಲಿಸು. ಮುಂದಿನದನ್ನು ಒಬ್ಬಳೇ ಓದು ಕಣೇ.

ಅವತ್ತಿಗೆ ನನಗೆ ಇಪ್ಪತ್ತೊಂಬತ್ತು ಆರೋಗ್ಯವಂತರು ಸಿಕ್ಕಿದ್ದರು. ಆರೋಗ್ಯವಾಗಿರುವವರು ಆಸ್ಪತ್ರೆ ಕಡೆ ಯಾಕೆ ಬರುತ್ತಾರೆ ಹೇಳು? ಮೂವತ್ತನೆಯವಳಿಗೆ ಎರಡು ತಿಂಗಳು ಕಾದು, ಕೊನೆಗೆ ನಿನ್ನನ್ನು ಕರೆಸಿದೆ. ಏಳು ತಿಂಗಳ ಹೊಟ್ಟೆ ಹೊತ್ತು, ಬಸ್ಸಿನಲ್ಲಿ ನಿಂತುಕೊಂಡು, ನನಗೆಂದು ಚಕ್ಕುಲಿ ಡಬ್ಬಿ ಹಿಡಿದು ಬಂದೆ.

ಇಲ್ಲಿನ ಆಸ್ಪತ್ರೆಯ ನರ್ಸ್ ಸತ್ಯಭಾಮಾ ಸಿಸ್ಟರ್ ನಿನ್ನ ಬಿಪಿ ನೋಡಿದರು. ನೂರ ನಲವತ್ತಾರು, ತೊಂಬತ್ತಾರು. ನಿನ್ನನ್ನು ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು. ನೂರ ನಲವತ್ತೆರಡು, ತೊಂಬತ್ನಾಲ್ಕು. ನೂರ ನಲವತ್ತು, ತೊಂಬತ್ತು ಮುಟ್ಟಿದವಳು ನನ್ನ ಆರೋಗ್ಯವಂತರ ಪಟ್ಟಿಗೆ ಸಲ್ಲುವುದಿಲ್ಲ. ಇವರನ್ನ ಈಗಲೇ ಡಾಕ್ಟರಿಗೆ ತೋರಿಸಿ ಕಣಮ್ಮಾ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಷ್ಟರಲ್ಲಿ ನೀನು, ಕಾಲುಂಗುರ ಬಿಗಿಯಾಗಿದೆ ಮಾರಾಯ್ತಿ, ಸೋಪು ಹಚ್ಚಿದ್ರೂ ಬರ್ತಿಲ್ಲ ಎಂದೆ. ನಿಮ್ಮ ಯಜಮಾನರ ಹಿಡಿತ ಅಷ್ಟು ಬಿಗಿ ಎಂದು ನಾನು ಕಿಚಾಯಿಸಿದೆ. ನೀನು ನಕ್ಕೆ. ಸಿಸ್ಟರ್ ನಗಲಿಲ್ಲ.

ಭದ್ರಾವತಿ ಬಸ್ಸಲ್ಲಿ ನಿಂತು ಬಂದ್ರೆ ಕಂಡಕ್ಟರಿಗೂ ಬಿಪಿ ಏರುತ್ತೆ ಸಿಸ್ಟರ್ ಎಂದು ಅವರನ್ನು ಕಳಿಸಿ, ನಾನೇ ನಿನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿದೆ. ಬೇಕಾದ ಅಂಕಿಯ ಹತ್ತಿರವೇ ನನ್ನ ಕಿವಿಗೆ ಸದ್ದು ಕೇಳಿಸಿತು. ನೂರ ಮೂವತ್ತು, ಎಂಬತ್ನಾಲ್ಕು. ಫಾರಂನಲ್ಲಿ ಅದನ್ನಷ್ಟೇ ಬರೆದೆ. ಎಲ್ಲಾ ಸರಿಯಿದೆ ಎಂದು ಹೇಳಿ ನಿನ್ನನ್ನು ಆಟೋ ಹತ್ತಿಸಿದೆ.

ಹದಿನೆಂಟು ದಿನಕ್ಕೆ ಬಿಪಿ ಏರಿ ನಿನಗೆ ಫಿಟ್ಸ್ ಬಂತು, ಮಗು ಹೋಯಿತು. ಕಾಲುಂಗುರ ಕತ್ತರಿಸಿ ತೆಗೆದರಂತೆ.

ಜನವರಿಯಲ್ಲಿ ಲ್ಯಾಬಿನಿಂದ ಫಲಿತಾಂಶ ಬಂತು. ಇಪ್ಪತ್ತೊಂಬತ್ತು ಜನರ ಸತು ಹೆಚ್ಚುಕಡಿಮೆ ಒಂದೇ ಮಟ್ಟ. ನಿನ್ನದು ಮಾತ್ರ ಕೆಳಗೆ, ಬಿಪಿ ಏರಿದವರ ಜೊತೆ. ಸತುವಿಲ್ಲದವರಿಗೆ ಸತ್ವವಿಲ್ಲ ಎಂದು ಊರಿಗೆಲ್ಲ ಜೋಕು ಹೇಳಿಕೊಂಡು ತಿರುಗಿದವಳು ನಾನು. ಸತು ಕಡಿಮೆಯಾಗಿದ್ದಕ್ಕೆ ಹೀಗಾಯಿತೋ, ಹೀಗಾಗುವುದಿತ್ತೆಂದು ಸತು ಇಳಿಯಿತೋ, ನನಗೂ ಗೊತ್ತಿಲ್ಲ, ನನ್ನ ಗೈಡಿಗೂ ಗೊತ್ತಿಲ್ಲ. ಬಿಪಿ ಗೊತ್ತಿತ್ತು. ಅವತ್ತೇ ಡಾಕ್ಟರಿಗೆ ತೋರಿಸಿದ್ದರೆ ಮಗು ಉಳಿಯುತ್ತಿತ್ತೇನೋ. ಆ ‘ಏನೋ’ ಕೂಡ ನನ್ನ ಅನುಕೂಲಕ್ಕೆ ಬರೆದದ್ದು.

ಕ್ಷಮಿಸು ಎಂದು ಕೇಳಲಾರೆ. ಅತ್ತೆಗೆ ಇದನ್ನೂ ಓದಿ ಹೇಳಬೇಕೆನಿಸಿದರೆ ಹೇಳು. ನಿನ್ನ ಚಕ್ಕುಲಿ ಡಬ್ಬಿ ಇನ್ನೂ ನನ್ನ ಬಳಿಯೇ ಇದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದಂತೆ. ಅದರಲ್ಲಿ ಏನು ಹಾಕಿ ಕಳಿಸಲಿ, ತೋಚುತ್ತಿಲ್ಲ.

ಇಷ್ಟು ದಿನ ‘ನಿನ್ನ ಗೆಳತಿ’ ಎಂದು ಸಹಿ ಹಾಕುತ್ತಿದ್ದ
ಜಯಶೀಲಾ

ತಾ.ಕ.: ಪ್ರಬಂಧವನ್ನು ಹೋದ ಸೋಮವಾರವೇ ಸಲ್ಲಿಸಿಬಿಟ್ಟೆ. ನಿನ್ನನ್ನು ತೆಗೆದರೆ ಮತ್ತೊಬ್ಬಳನ್ನು ಹುಡುಕಬೇಕಿತ್ತು. ಆರೋಗ್ಯವಂತರ ಪಟ್ಟಿಯ ಕೊನೆಯ ಸಾಲಿನಲ್ಲಿ ನೀನಿದ್ದೀಯ. ಅಲ್ಲಿ ನಿನಗೆ ಇನ್ನೂ ಏಳು ತಿಂಗಳು.