ಗುಂಡಿ ಡಬ್ಬದ ಚಾಕು

ಸೋದರತ್ತೆಯ ಮನೆ, ಮಹಡಿ ಕೋಣೆ
ಅಕ್ಟೋಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತಾ? ಮಲಗುವಾಗ ಕಾಲನ್ನ ದಿಂಬಿನ ಮೇಲೆ ಎತ್ತಿಡಿ ಅಂತ ಆಸ್ಪತ್ರೆ ವಾರ್ಡಿನಲ್ಲಿ ಎಲ್ಲರಿಗೂ ಹೇಳುವವಳು ನೀನು, ನಿನ್ನ ಕಾಲಿಗೆ ಆ ದಿಂಬು ಸಿಗುತ್ತದೋ ಇಲ್ಲವೋ. ನಾನು ಚೆನ್ನಾಗಿದ್ದೇನೆ. ಇಲ್ಲಮ್ಮ, ಇದು ಹಾಸ್ಟೆಲ್ ಕೈ, ತಾನಾಗಿಯೇ ಬರೆದುಬಿಡುತ್ತೆ. ಪ್ರತಿ ಭಾನುವಾರ 'ನಾನು ಚೆನ್ನಾಗಿದ್ದೇನೆ, ನೀನೂ ಚೆನ್ನಾಗಿರುವೆಯೆಂದು ನಂಬಿದ್ದೇನೆ' ಅಂತ ಬರೆದು, ಅಂಟಿಸದೆ ವಾರ್ಡನ್ ಮೇಡಂ ಮೇಜಿನ ಮೇಲಿಟ್ಟು ಬರಬೇಕಿತ್ತಲ್ಲ, ಅವರು ಓದಿ, ಸ್ಪೆಲಿಂಗ್ ತಿದ್ದಿ ಆಮೇಲೆ ಕಳಿಸುತ್ತಿದ್ದರು. ಯಾರೂ ತಿದ್ದದೆ ನಿನ್ನ ಕೈ ಸೇರುವ ನನ್ನ ಮೊದಲ ಪತ್ರ ಇದು. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೋ. ಫೋನಿನಲ್ಲೇ ಹೇಳೋಣ ಅಂದರೆ ನಿನ್ನ ಕಡೆ ಯಾವಾಗಲೂ ರೂಮಿನವರು, ನನ್ನ ಕಡೆ ಅತ್ತೆಯ ಹೊಲಿಗೆ ಮಷೀನು. ಅದೂ ಅಲ್ಲದೆ ಫೋನಿನಲ್ಲಿ ನೀನು ಮಾತು ತೇಲಿಸಿಬಿಡುತ್ತೀಯ, 'ಸಿಗ್ನಲ್ ಹೋಗ್ತಿದೆ ಮೊದ್ದು' ಅಂತ. ಕಾಗದಕ್ಕೆ ಸಿಗ್ನಲ್ ಹೋಗುವುದಿಲ್ಲ.

ನೀನು ಕಳಿಸಿದ ನೀಲಿ ಕೋಟು ಸರಿಯಾಗಿದೆ, ತೋಳು ಸ್ವಲ್ಪ ಉದ್ದ, ಅತ್ತೆ ಮಡಚಿ ಹೊಲಿದುಕೊಟ್ಟರು. ಹೊಲಿಯುವಾಗ ಜೇಬಿನಿಂದ ಒಣಗಿದ ಕಿತ್ತಳೆ ಸಿಪ್ಪೆ ಉದುರಿತು. ಗೊತ್ತಲ್ಲ ನನ್ನ ದುರಭ್ಯಾಸ, ತಿಂದ ಹಣ್ಣಿನ ಸಿಪ್ಪೆ ಜೇಬಿಗೆ ತುಂಬುವುದು, ಹಾಸ್ಟೆಲಿನಲ್ಲಿ ಬಟ್ಟೆ ಒಗೆಯುವ ಆಯಾ ನನ್ನ ಯೂನಿಫಾರ್ಮ್ ಬಂದ ಕೂಡಲೇ 'ಬಂತು ನೋಡಪ್ಪ ಹಣ್ಣಿನ ಅಂಗಡಿ' ಅನ್ನುತ್ತಿದ್ದರು. ಅತ್ತೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಆ ಸಿಪ್ಪೆಯನ್ನ ಅಂಗೈಲಿಟ್ಟುಕೊಂಡು ಸುಮ್ಮನೆ ನೋಡುತ್ತ ಕೂತರು. ಯಾಕೆ ಅಂತ ಆಗ ನನಗೆ ಗೊತ್ತಾಗಲಿಲ್ಲ.

ಈಗ ಕೂತುಕೋ. ನಿನ್ನೆ ನಾನು ಚಾಕು ಕೊಳ್ಳುವುದಕ್ಕೆ ಹೋಗಿದ್ದೆ. ತರಕಾರಿ ಹೆಚ್ಚುವ ಚಾಕು ಅಲ್ಲ. ಮಡಚಿ ಜೇಬಿನಲ್ಲಿಟ್ಟುಕೊಳ್ಳುವಂಥದ್ದು. ಉಗುರು ಕತ್ತರಿಯನ್ನೂ ವಾರ್ಡನ್ ಹತ್ತಿರ ಸಹಿ ಹಾಕಿ ತಗೊಂಡು ಬೆಳೆದವಳು ನಾನು, ನನಗೆ ಚಾಕು! ಆದರೆ ಬೇಕಾಗಿತ್ತಮ್ಮ. ಒಂದು ತಿಂಗಳಿಂದ ಒಬ್ಬ ಗಂಡಸು ನನಗಾಗಿ ಕಾಯುತ್ತಾನೆ. ಲ್ಯಾಬ್ ಮುಗಿಸಿ ನಾನು ಬಸ್ ಸ್ಟಾಪಿಗೆ ಬರುವ ಹೊತ್ತಿಗೆ ಎದುರು ಫುಟ್‌ಪಾತಿನಲ್ಲಿ, ಮುಚ್ಚಿಹೋದ ಜೆರಾಕ್ಸ್ ಅಂಗಡಿಯ ಶಟರಿಗೆ ಒರಗಿ ನಿಂತಿರುತ್ತಾನೆ. ನಮ್ಮ ಪ್ರೊಫೆಸರುಗಳ ವಯಸ್ಸು. ಒಗೆದ ಶರ್ಟು, ಎಡ ಭುಜ ಸ್ವಲ್ಪ ಕೆಳಗೆ. ಚೀಲದಿಂದ ಒಂದು ಸೇಬು ತೆಗೆಯುತ್ತಾನೆ, ಜೇಬಿನಿಂದ ಮಡಚುವ ಚಾಕು ತೆಗೆಯುತ್ತಾನೆ, ಎಲ್ಲೂ ತುಂಡಾಗದ ಹಾಗೆ ರಿಬ್ಬನ್ ಥರ ಸುತ್ತಲೂ ಸಿಪ್ಪೆ ಸುಲಿಯುತ್ತಾನೆ. ಆ ಸಿಪ್ಪೆಯನ್ನ ಎಸೆಯುವುದಿಲ್ಲ, ಶರ್ಟಿನ ಜೇಬಿಗೆ ಹಾಕಿಕೊಳ್ಳುತ್ತಾನೆ. ನನ್ನ ಹಾಗೇ! ನನಗೆ ಜೀವ ಬಾಯಿಗೆ ಬಂದದ್ದು ಅದನ್ನ ನೋಡಿಯೇ. ಇವನು ನನ್ನನ್ನ ಎಷ್ಟು ಹತ್ತಿರದಿಂದ ಗಮನಿಸಿರಬೇಕು, ನನ್ನ ಜೇಬಿನ ಸಿಪ್ಪೆಯವರೆಗೆ ಗೊತ್ತುಮಾಡಿಕೊಂಡು ಅಣಕಿಸುತ್ತಿದ್ದಾನೆ ಅಂತಲೇ ಅಂದುಕೊಂಡೆ. ಹೋದ ಮಂಗಳವಾರ ನನ್ನ ಬಸ್ಸೇ ಹತ್ತಿ, ನನ್ನ ಸ್ಟಾಪಿನಲ್ಲೇ ಇಳಿದು, ನಮ್ಮ ಗಲ್ಲಿಯ ಬಾಯಿವರೆಗೂ ಹಿಂದೆ ಬಂದ. ಓಡಿಬಂದ ರಭಸಕ್ಕೆ ನನ್ನ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಬೆಳಗ್ಗೆ ನೋಡಿದರೆ ಗೇಟಿನ ಪಕ್ಕ ನೀಟಾಗಿ ಇಟ್ಟಿತ್ತು. ಅದು ಇನ್ನೂ ಭಯ! ಪೊಲೀಸರಿಗೆ ಹೇಳೋಣ ಅಂದರೆ ಏನಂತ ಹೇಳಲಿ, ಸೇಬು ತಿಂದ ಅಂತಲಾ, ಚಪ್ಪಲಿ ತಂದಿಟ್ಟ ಅಂತಲಾ? ಕಾಲೇಜೇ ಬಿಟ್ಟುಬಿಡೋಣ ಅನ್ನುವವರೆಗೆ ಯೋಚನೆ ಹೋಗಿತ್ತು. ನಿನಗೆ ಹೇಳಿರಲಿಲ್ಲ ಅಷ್ಟೆ.

ಅತ್ತೆಗೆ ಮಾತ್ರ 'ಯಾರೋ ನಿಲ್ಲುತ್ತಾರೆ' ಅಂತ ಅರ್ಧ ಹೇಳಿದೆ. ಸಿಪ್ಪೆ ವಿಷಯ ಹೇಳಿದರೆ ನಗುತ್ತಾರೆ ಅಂತ ನುಂಗಿಕೊಂಡೆ. ಅತ್ತೆ ದಾರ ಕಡಿಯುತ್ತ, 'ಹೆದರೋರ ಮೇಲೆ ಕಪ್ಪೆ ಎಸೆದರು ಅನ್ನೋ ಹಾಗಾಯ್ತು ನಿನ್ನ ಕಥೆ. ನಡಿ, ಒಂದು ಚಾಕು ಕೊಡಿಸ್ತೀನಿ, ಅವನಿಗಲ್ಲದಿದ್ದರೂ ನಿನ್ನ ಧೈರ್ಯಕ್ಕಾಗುತ್ತೆ. ಕತ್ತರಿ ಹಿಡಿದು ಮೂವತ್ತು ವರ್ಷ ಅನ್ನ ತಿಂದವಳು ನಾನು, ಚಾಕು ಯಾವ ಮಹಾ' ಅಂದರು. ನಾನು ಅಷ್ಟರಲ್ಲೇ ವೀಡಿಯೊ ನೋಡಿ ನೋಡಿ ಅರ್ಧ ಪಂಡಿತೆಯಾಗಿದ್ದೆ. ದಿನಾ ಜೊತೆಗಿಟ್ಟುಕೊಳ್ಳುವ ಚಾಕು ಅಂತ ಅದಕ್ಕೊಂದು ಲೋಕವೇ ಇದೆಯಮ್ಮ. ಗಡ್ಡದ ಗಂಡಸರು ಕೂತು ಉಕ್ಕಿನ ಜಾತಕ ಜಾಲಾಡುತ್ತಾರೆ. ಒಂದೇ ಕೈಯಲ್ಲಿ ತೆರೆಯಬೇಕಂತೆ, ಲಾಕ್ ಇರಬೇಕಂತೆ, ಜೇಬಿಗೆ ಸಿಕ್ಕಿಸುವ ಕ್ಲಿಪ್ ಇರಬೇಕಂತೆ.

ಅಂಗಡಿ ಅಂದರೆ ಒಂದು ಓಣಿಯಷ್ಟು ಅಗಲ. ಕತ್ತರಿ, ಬೀಗ, ಸಾಣೆ ಚಕ್ರ, ಗಾಜಿನ ಪೆಟ್ಟಿಗೆಯಲ್ಲಿ ಚಾಕುಗಳು. ಅಂಗಡಿಯವರು ಮೊದಲು ಕೈ ತೋರಿಸು ಅಂದರು. ನಾನು ಆಸೆಪಟ್ಟಿದ್ದು ಕಪ್ಪು ಬಣ್ಣದ, ಗರಗಸದ ಹಲ್ಲಿನದು. ಅವರು ಅದನ್ನ ಮುಟ್ಟಲೂ ಇಲ್ಲ, 'ಅದು ಸಿನಿಮಾಕ್ಕಮ್ಮಾ. ಅದನ್ನ ತೆಗೆದರೆ ಎದುರಿನವನು ಹೆದರೋದಕ್ಕಿಂತ ಮೊದಲು ಪೊಲೀಸಿನವನು ಕೇಳ್ತಾನೆ' ಅಂದರು. ಅಂಗೈ ಅಗಲಕ್ಕಿಂತ ಉದ್ದದ ಅಲಗು ಬೇಡ, ಪಾರ್ಸಲ್ ಕುಯ್ಯುವುದಕ್ಕೆ, ಹಣ್ಣು ಸುಲಿಯುವುದಕ್ಕೆ ದಿನಾ ಬಳಸುವಂಥದ್ದೇ ತಗೋ, ಬಳಸದ ಚಾಕು ಬೇಕಾದಾಗ ಕೈಗೆ ಬರುವುದಿಲ್ಲ ಅಂತೆಲ್ಲ ಹೇಳಿ, ಮರದ ಹಿಡಿಯ ಒಂದನ್ನ ಕೊಟ್ಟರು. ಹೆಬ್ಬೆರಳಿಗೆ ಒಂದು ಗುಬುಟು, ಒತ್ತಿದರೆ ಚಟ್ ಅಂತ ತೆರೆಯಿತು. ನಾನು ಹಿಗ್ಗಿಹೋದೆ. ಮುಚ್ಚುವುದಕ್ಕೆ ಹೋದರೆ ಬರಲೇ ಇಲ್ಲ. ಒತ್ತಿದೆ, ತಿರುಗಿಸಿದೆ, ಕೊನೆಗೆ ತೆರೆದ ಚಾಕುವನ್ನ ಹಿಡಿದು ಮಾಣಿಕ್ಯ ಸಿಕ್ಕ ಮಂಗನ ಹಾಗೆ ನಿಂತೆ. ಅತ್ತೆ ಬಿದ್ದು ಬಿದ್ದು ನಕ್ಕರು. 'ತೆರೆಯೋದು ಎಲ್ಲರಿಗೂ ಬರುತ್ತೆ, ಮುಚ್ಚೋದು ಕಲೀಬೇಕು' ಅಂತ ಅಂಗಡಿಯವರು ಒಳಗಿನ ಪಟ್ಟಿ ಸರಿಸಿ ತೋರಿಸಿದರು. ಹಾಗೇ ಮಾತಿಗೆ, ಯಾರಾದರೂ ತೊಂದರೆ ಕೊಡ್ತಿದ್ದಾರಾ, ಹೇಗಿದ್ದಾನೆ ಅಂತ ಕೇಳಿದರು. ನಾನು ಹೇಳಿದೆ. ಭುಜ ಹೇಳಿದೆ, ಸೇಬು ಹೇಳಿದೆ, ರಿಬ್ಬನ್ ಹೇಳಿದೆ, ಜೇಬಿಗೆ ಹಾಕಿಕೊಳ್ಳುವುದನ್ನೂ ಹೇಳಿದೆ.

ಪಕ್ಕದಲ್ಲಿ ಅತ್ತೆ ಹೊಸ ಕತ್ತರಿಯನ್ನ ಕಾಗದದ ಮೇಲೆ ಪರೀಕ್ಷೆ ಮಾಡುತ್ತಿದ್ದರು. ಕಚ್ ಕಚ್ ಸದ್ದು ನಡುವೆ ನಿಂತುಹೋಯಿತು. ನೋಡಿದರೆ ಮುಖದಲ್ಲಿ ರಕ್ತವೇ ಇಲ್ಲ. 'ಚಾಕು ಬೇಡ. ನಡಿ ಮನೆಗೆ' ಅಂದರು. ದಾರಿಯುದ್ದಕ್ಕೂ ನನ್ನ ಮಣಿಕಟ್ಟು ಬಿಡಲಿಲ್ಲ.

ಮನೆಗೆ ಬಂದು ಬಾಗಿಲಿಗೆ ಚಿಲಕ ಹಾಕಿ, ಬೀರುವಿನ ಮೇಲಿದ್ದ ಗುಂಡಿ ಡಬ್ಬ ಇಳಿಸಿದರು. ನಾನು ರಜೆಗೆ ಬಂದಾಗ ಬಣ್ಣ ಬಣ್ಣ ಬೇರೆ ಮಾಡಿ ಆಡುತ್ತಿದ್ದೆನಲ್ಲ, ಅದೇ. ಎಲ್ಲ ಗುಂಡಿಯನ್ನೂ ಮಂಚದ ಮೇಲೆ ಸುರಿದರು. ತಳದಲ್ಲಿ, ರಟ್ಟಿನ ಕೆಳಗೆ, ಬಟ್ಟೆ ಸುತ್ತಿದ ಒಂದು ಹಳೇ ಮಡಚುವ ಚಾಕು. ಕಪ್ಪು ಮರದ ಹಿಡಿ, ಮೊಂಡು ಮೂಗಿನ ಅಲಗು. ಅಷ್ಟು ವರ್ಷ ನಾನು ಅದರ ಮೇಲೇ ಕೈಯಾಡಿಸಿಕೊಂಡು ಆಡಿದ್ದೇನೆ! ಕೇಬಲ್ ಜೋಡಿಸುವವರ ಚಾಕು ಅದು ಅಂದರು. ಕೇಬಲ್ಲಿನ ಮೇಲಿನ ಸಿಪ್ಪೆ ಸುಲಿದು ಅದನ್ನ ನೆಲಕ್ಕೆ ಬಿಡಬಾರದು, ಜೇಬಿಗೇ ಹಾಕಬೇಕು, ಅದು ಅವರ ಕೆಲಸದ ಶಿಸ್ತಂತೆ. ಕೆಲವರಿಗೆ ಅದೇ ಮೈಗೆ ಹತ್ತಿ ಹಣ್ಣಿನ ಸಿಪ್ಪೆಯನ್ನೂ ಜೇಬಿಗೇ ಹಾಕಿಕೊಳ್ಳುತ್ತಾರಂತೆ. 'ಅವನ ತೊಡೆ ಮೇಲೆ ಕೂತು ನೀನೂ ಫ್ರಾಕಿನ ಜೇಬಿಗೆ ತುಂಬಿಕೊಳ್ತಿದ್ದೆ' ಅಂದರು. ಯಾರ ತೊಡೆ ಅಂತ ಕೇಳಿದೆ ನೋಡು, ಅಷ್ಟೆಲ್ಲ ಆದ ಮೇಲೂ ಕೇಳಿದೆ. ನಿನ್ನ ಮಗಳು ನಿಜಕ್ಕೂ ಮೊದ್ದು.

ಅಮ್ಮಾ, ಅಪ್ಪ ಸತ್ತಿಲ್ಲ.

ಇದನ್ನ ಬರೆದು ಎದ್ದುಹೋಗಿ ನೀರು ಕುಡಿದು ಬಂದೆ. ಪ್ರತಿ ವರ್ಷ ಸ್ಕೂಲಿನಲ್ಲಿ ಕೇಳಿದಾಗಲೆಲ್ಲ 'ಅಪ್ಪ ಇಲ್ಲ ಮಿಸ್, ತೀರಿಹೋದರು' ಅಂತ ನನ್ನ ಬಾಯಾರೆ ಹೇಳಿದ್ದೇನೆ. ತಂದೆಯಿಲ್ಲದ ಕೂಸು ಅಂತ ಹಾಸ್ಟೆಲಿನ ಅಡುಗೆಯವರು ನನಗೆ ಮಾತ್ರ ಎರಡು ಮೊಟ್ಟೆ ಹಾಕುತ್ತಿದ್ದರು. ಆ ಮೊಟ್ಟೆಗಳನ್ನೆಲ್ಲ ಈಗ ಯಾರಿಗೆ ವಾಪಸ್ ಕೊಡಲಿ?

ಅತ್ತೆ ಉಳಿದದ್ದನ್ನೂ ಹೇಳಿದರು. ಅಪ್ಪನ ಕುಡಿತ ಹೇಳಿದರು. ಮನೆ ಬಿಟ್ಟು ಹೊರಡುತ್ತೇನೆ ಅಂತ ನೀನು ನನ್ನನ್ನ ಎತ್ತಿಕೊಂಡ ದಿನ, ಅಪ್ಪ ಈ ಚಾಕು ತೆರೆದು ಹಿಡಿದು ಬಾಗಿಲಿಗೆ ಅಡ್ಡ ನಿಂತರಂತೆ, ಯಾರೂ ಹೊಸ್ತಿಲು ದಾಟಕೂಡದು ಅಂತ. ನೀನು ಹತ್ತಿರ ಹೋಗಿ ಮಗುವಿನ ಕೈಯಿಂದ ಗಿಲಕಿ ತಗೊಂಡ ಹಾಗೆ ತಗೊಂಡೆಯಂತೆ. ಮುಚ್ಚುವುದು ನಿನಗೂ ಗೊತ್ತಿರಲಿಲ್ಲವಂತೆ. ಅರ್ಧ ಮಡಚುವಷ್ಟರಲ್ಲಿ ಸ್ಪ್ರಿಂಗು ಸೆಳೆದು ಅಲಗು ಹೆಬ್ಬೆರಳಿನ ಮೇಲೆ ಬಿತ್ತಂತೆ. ನಿನ್ನ ಹೆಬ್ಬೆರಳಿನ ಆ ಗೆರೆ, ಹಾಲಿನ ಪುಡಿ ಡಬ್ಬದ ಮುಚ್ಚಳ ತಾಗಿದ್ದು ಅಂದಿದ್ದೆಯಲ್ಲ, ಜ್ವರ ಬಂದಾಗ ನಾನು ಹಿಡಿದುಕೊಂಡು ಮಲಗುತ್ತಿದ್ದ ಗೆರೆ ಅದು. 'ಅವನು ನನ್ನ ಒಡಹುಟ್ಟಿದ ತಮ್ಮ. ಆದರೂ ಅವತ್ತು ಈ ಚಾಕು ಬಚ್ಚಿಟ್ಟು ನಿಮ್ಮಮ್ಮನಿಗೆ ಹಿತ್ತಲ ಬಾಗಿಲು ತೆಗೆದುಕೊಟ್ಟಿದ್ದು ನಾನೇ' ಅಂತ ಹೇಳುವಾಗ ಅತ್ತೆ ಗುಂಡಿಗಳನ್ನ ಒಂದೊಂದಾಗಿ ಡಬ್ಬಕ್ಕೆ ಹಾಕುತ್ತಿದ್ದರು. ಹಾಸ್ಟೆಲಿನ ವಿಳಾಸ ಅಪ್ಪನಿಗೆ ಸಿಗಬಾರದು ಅಂತಲೇ ಅಷ್ಟು ದೂರದ್ದು ಹುಡುಕಿದಿರಂತೆ ನೀವಿಬ್ಬರೂ. ನಾನು ನಿನಗೆ ಭಾರವಾಗಿದ್ದೆ, ಅದಕ್ಕೇ ಹಾಸ್ಟೆಲಿಗೆ ಹಾಕಿದೆ ಅಂತ ನಾನು ಎಷ್ಟು ಅತ್ತಿದ್ದೇನೆ ಗೊತ್ತಾ ನಿನಗೆ. ಇದನ್ನ ಮೊದಲೇ ಹೇಳಿದ್ದರೆ ಆ ಅಳುವಾದರೂ ತಪ್ಪುತ್ತಿತ್ತು.

ನನಗೆ ಸಿಟ್ಟು ಯಾರ ಮೇಲೆ ಅಂತ ಇನ್ನೂ ಗೊತ್ತಾಗಿಲ್ಲ. ನಿನ್ನ ಮೇಲೆ ಬರುತ್ತೆ, ಆ ಹೆಬ್ಬೆರಳು ನೆನಪಾದ ತಕ್ಷಣ ಹೋಗುತ್ತೆ. ಅತ್ತೆ ನಾಳೆಯಿಂದ ತಾವೇ ಬಸ್ ಸ್ಟಾಪಿಗೆ ಬರುತ್ತೇನೆ, ಎದುರು ಸಿಕ್ಕರೆ ಅಳತೆ ಪಟ್ಟಿಯಲ್ಲೇ ಬಿಗಿಯುತ್ತೇನೆ ಅಂದಿದ್ದಾರೆ. ಎಲ್ಲಿಂದ ಬಂದ, ನಾನು ಇಲ್ಲಿರುವುದು ಹೇಗೆ ಗೊತ್ತಾಯಿತು, ದೇವರಾಣೆ ತಮಗೆ ಗೊತ್ತಿಲ್ಲ ಅನ್ನುತ್ತಾರೆ. ಕುಡಿಯುವುದನ್ನ ಬಿಟ್ಟಿದ್ದಾರಾ ಅಂತ ನಾನು ಕೇಳಿದ್ದಕ್ಕೆ 'ಸೇಬು ತಿನ್ನೋನು ಕುಡಿಯಲ್ಲ ಅಂತ ಏನು ಗ್ಯಾರಂಟಿ' ಅಂದರು. ಹೆದರಬೇಡ. ನಾನು ಆ ದಾರಿಯಲ್ಲಿ ಒಬ್ಬಳೇ ಹೋಗುವುದಿಲ್ಲ. ಕಾಲೇಜೂ ಬಿಡುವುದಿಲ್ಲ.

ಬಿಸಿನೀರಿನ ಶಾಖ ಮರೆಯಬೇಡ, ಊಟ ಬಿಡಬೇಡ. ಅತ್ತೆ ನಿನ್ನನ್ನ ವಿಚಾರಿಸಿದ್ದಾರೆ, ಏನು ಬರೆದೆ ಅಂತ ಕೇಳಲೂ ಇಲ್ಲ. ನಿನ್ನ ಹೆಬ್ಬೆರಳಿಗೆ ನನ್ನದೊಂದು ಮುತ್ತು.

ನಿನ್ನ
ಮೊದ್ದು

ತಾ.ಕ.: ಸೋಮವಾರ, ಅಂಚೆ ಕಚೇರಿ. ಇಲ್ಲಿನ ದಾರ ಕಟ್ಟಿದ ಪೆನ್ನಿನಲ್ಲಿ ಗೀಚುತ್ತಿದ್ದೇನೆ, ಹಿಂದೆ ಜನ ನಿಂತಿದ್ದಾರೆ. ಇವತ್ತು ಲ್ಯಾಬ್ ಬೇಗ ಬಿಟ್ಟರು, ಬಸ್ ಸ್ಟಾಪಿಗೆ ಅತ್ತೆ ಇನ್ನೂ ಬಂದಿರಲಿಲ್ಲ. ಅತ್ತೆಗೆ ಹೇಳದೆ ಗುಂಡಿ ಡಬ್ಬದ ಚಾಕುವನ್ನ ಬೆಳಗ್ಗೆಯೇ ಕೋಟಿನ ಜೇಬಿಗೆ ಹಾಕಿಕೊಂಡಿದ್ದೆ. ಲಾಕಿಲ್ಲ, ಕ್ಲಿಪ್ಪಿಲ್ಲ, ಎರಡು ಕೈ ಬೇಕು. ಆದರೂ ಅದೇ ಬೇಕೆನಿಸಿತು. ಎದುರು ಫುಟ್‌ಪಾತಿನಿಂದ ಅವರು ಮೊದಲ ಸಲ ರಸ್ತೆ ದಾಟಿ ಬಂದರು. ನಾನು ತೆರೆದು ಹಿಡಿದೆ. ಅವರು ನಿಂತರು. ಹಿಂದೆ ಸರಿಯಲಿಲ್ಲ, ಮುಂದೆಯೂ ಬರಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಚಾಕುವನ್ನೇ ನೋಡುತ್ತ, ಮೆತ್ತಗೆ, 'ಮುಚ್ಚುವಾಗ ಹೆಬ್ಬೆರಳು ಆಚೆ ತಗೋಮ್ಮಾ. ನಿಮ್ಮಮ್ಮನಿಗೂ ಅಲ್ಲೇ ಕುಯ್ದಿತ್ತು' ಅಂದರು. ಹೇಳಿ ರಸ್ತೆ ದಾಟಿ ಹೋದರು. ಅಮ್ಮಾ, ನಾನು ಹೆಬ್ಬೆರಳು ಆಚೆ ತಗೊಂಡೆ. ಅವರು ಹೇಳಿದ ಹಾಗೇ ಮುಚ್ಚಿದೆ, ಎಲ್ಲೂ ಕುಯ್ಯಲಿಲ್ಲ. ನನಗೆ ಎಲ್ಲಕ್ಕಿಂತ ಭಯವಾದದ್ದು ಅದೇ. ನಾಳೆಯೂ ಬರುತ್ತಾರೆ. ಬೇರೆ ಏನೂ ಬರೆಯಬೇಡ, ಇದೊಂದು ಬರಿ: ಅವತ್ತು ಬಾಗಿಲಿಗೆ ಅಡ್ಡ ನಿಂತಾಗಲೂ ಅವರ ದನಿ ಹೀಗೇ ಮೆತ್ತಗಿತ್ತಾ?